ಕೊನೆಯ ನಂಬರ್ ನನ್ನದು

ನಮ್ಮ ಆಫೀಸಿನಲ್ಲಿ ಒಂದು ಅಭ್ಯಾಸ ಉಂಟು. ಯಾರು ಎಲ್ಲಿ ಫೋನ್ ನಂಬರ್ ಕೇಳಿದರೂ ನನ್ನದನ್ನು ಕೊಟ್ಟುಬಿಡುವುದು. ಕೊರಿಯರಿನವನಿಗೆ ನನ್ನದು, ನೀರಿನ ಕ್ಯಾನಿನವನಿಗೆ ನನ್ನದು, ಜನರೇಟರ್ ರಿಪೇರಿಯವನಿಗೂ ನನ್ನದು. "ಅಕ್ಕನದ್ದು ಹಾಕು ಮಾರಾಯ, ಅಕ್ಕ ಹೇಗೂ ಎತ್ತುತ್ತಾರೆ" ಅಂತ ಹುಡುಗರು ನನ್ನ ಎದುರಿಗೇ ಹೇಳ್ತಾರೆ. ಹೇಳುವುದು ಸುಳ್ಳೂ ಅಲ್ಲ. ಗಂಡ ಗಲ್ಫಿನಲ್ಲಿ, ಮಗಳು ಹಾಸ್ಟೆಲಿನಲ್ಲಿ ಇರುವ ಹೆಂಗಸು ಫೋನ್ ಎತ್ತದೆ ಇರ್ತಾಳಾ? ಚರ್ಚಿನಲ್ಲಿ ಪೂಜೆ ನಡೆಯುವ ಹೊತ್ತು ಬಿಟ್ಟರೆ ನನ್ನ ಫೋನ್ ಯಾವಾಗಲೂ ನನ್ನ ಕೈಯಲ್ಲೇ. ಆ ಒಂದು ಶನಿವಾರ ಮಾತ್ರ ಇರಲಿಲ್ಲ.

ಆಫೀಸೆಂದರೆ ದೊಡ್ಡದೇನಲ್ಲ. ಕಂಕನಾಡಿ ಮಾರ್ಕೆಟಿನ ಹತ್ತಿರ, ಒಂದು ಬಟ್ಟೆಯಂಗಡಿಯ ಮೇಲೆ ಉದ್ದನೆಯ ಒಂದು ಕೋಣೆ. ನಾನು ಮೊದಲು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಆಗಿದ್ದವಳು. ಈಗ ಅಲ್ಲಿ ಟೆಸ್ಟರ್. ಹುಡುಗರು ಬರೆದ ಸಾಫ್ಟ್‌ವೇರ್ ಎಲ್ಲಿ ಕೈಕೊಡುತ್ತದೆ ಅಂತ ಹುಡುಕುವುದು ನನ್ನ ಕೆಲಸ. "ನೀನು ಮನೆಯಲ್ಲಿ ಧರ್ಮಕ್ಕೆ ಮಾಡ್ತಿದ್ದದ್ದಕ್ಕೆ ಅವರು ಸಂಬಳ ಕೊಡ್ತಾರಲ್ಲ" ಅಂತ ನನ್ನ ಗಂಡ ಫೋನಿನಲ್ಲಿ ನಗುತ್ತಾರೆ.

ನಮಗೆ ಸಿಕ್ಕಿದ್ದು ಲಿಫ್ಟಿನ ಕೆಲಸ. ಲಿಫ್ಟ್ ನಡುವಿನಲ್ಲಿ ನಿಂತುಹೋದರೆ ಒಳಗಿದ್ದವರು ಕೆಂಪು ಗುಂಡಿ ಒತ್ತಬೇಕು. ಒತ್ತಿದ ಸುದ್ದಿ ಲಿಫ್ಟಿನಲ್ಲಿರುವ ಸಿಮ್ ಮೂಲಕ ನಮ್ಮ ವೆಬ್‌ಸೈಟಿಗೆ ಬರ್ತದೆ. ವೆಬ್‌ಸೈಟು "ಆಯಿತು" ಅಂತ ಹೇಳಿ ಕೆಲಸವನ್ನು ಹಿಂದಕ್ಕೆ ತಳ್ಳುತ್ತದೆ. ಹೋಟೆಲಿನಲ್ಲಿ ಸಪ್ಲೈಯರ್ "ಬಂತು, ಬಂತು" ಅಂತ ನಮ್ಮ ಹತ್ತಿರ ಹೇಳಿ ಅಡುಗೆ ಕೋಣೆಯ ಕಡೆಗೆ ಕೂಗುತ್ತಾನಲ್ಲ, ಹಾಗೆ. ದೋಸೆ ಆಗುವುದು ಒಳಗೆ. ಆಯಿತಾ ಇಲ್ಲವಾ ಅಂತ ಹೊರಗೆ ಕೂತವರಿಗೆ ಗೊತ್ತಿಲ್ಲ. ನಮ್ಮಲ್ಲಿ ಅದಕ್ಕೆ ಬ್ಯಾಕ್‌ಗ್ರೌಂಡ್ ಜಾಬ್ ಅಂತ ಹೆಸರು. ಅದು ಮೆಕ್ಯಾನಿಕ್‌ಗೆ ಮೆಸೇಜ್ ಕಳಿಸಬೇಕು. ಮೆಸೇಜ್ ಹೋಗದಿದ್ದರೆ ಸ್ವಲ್ಪ ಕಾದು ಮತ್ತೆ ಕಳಿಸಬೇಕು. ಆಗಲೂ ಹೋಗದಿದ್ದರೆ ಅದರ ದುಪ್ಪಟ್ಟು ಕಾಯಬೇಕು, ಆಮೇಲೆ ಅದರ ದುಪ್ಪಟ್ಟು. ಎಲ್ಲ ಕೈಕೊಟ್ಟ ಮೇಲೆ ಕೊನೆಯ ನಂಬರ್ ಅಂತ ಒಂದು ಉಂಟು. ಅದಕ್ಕೆ ನೇರ ಫೋನ್ ಹೋಗ್ತದೆ.

ಕೈಕೊಟ್ಟಾಗ ಇದೆಲ್ಲ ಸರಿಯಾಗಿ ನಡೆಯುತ್ತದಾ ಅಂತ ನೋಡುವ ಪರೀಕ್ಷೆಗಳನ್ನು ಬರೆದವಳು ನಾನು. ಒಮ್ಮೆ ಬರೆದಿಟ್ಟರೆ ಅವು ತಾವಾಗಿಯೇ ಓಡುತ್ತವೆ. ಮೆಸೇಜಿನ ಲೈನ್ ಸತ್ತಿದೆ ಅಂತ ಕಂಪ್ಯೂಟರಿಗೆ ನಂಬಿಸುವುದು, ಅದು ಮತ್ತೆ ಮತ್ತೆ ಪ್ರಯತ್ನ ಮಾಡ್ತದಾ ಅಂತ ನೋಡುವುದು, ಕೊನೆಗೆ ಕೊನೆಯ ನಂಬರಿಗೆ ಫೋನ್ ಹೋಯಿತಾ ಅಂತ ನೋಡುವುದು. ಆದರೆ ಪರೀಕ್ಷೆಯಲ್ಲಿ ಯಾರೂ ಕಾಯುವುದಿಲ್ಲ. ಕಾದರೆ ಆಫೀಸು ನಡೀಬೇಕಲ್ಲ! ಕಂಪ್ಯೂಟರಿನ ಗಡಿಯಾರವನ್ನು ಮುಂದೆ ತಿರುಗಿಸಿಬಿಡುತ್ತೇವೆ. "ಈಗ ಇಷ್ಟು ಹೊತ್ತಾಯಿತು ಅಂತ ತಿಳ್ಕೊ" ಅಂದರೆ ಅದು ತಿಳ್ಕೊಳ್ತದೆ. ಅಷ್ಟೂ ಕಾಯುವಿಕೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿದು, ಪರದೆಯ ಮೇಲೆ ಸಾಲಾಗಿ ಹಸಿರು ಬೀಳುತ್ತದೆ. ಹಸಿರು ಬಿದ್ದರೆ ಚಹಾಕ್ಕೆ ಹೋಗುವುದು.

ಪರೀಕ್ಷೆಯಲ್ಲಿ ಕೊನೆಯ ನಂಬರಿನ ಜಾಗದಲ್ಲಿ ಯಾರ ನಂಬರ್ ಇತ್ತು ಅಂತ ಬೇರೆ ಹೇಳಬೇಕಾ? ಆ ಸಾಫ್ಟ್‌ವೇರ್ ಬರೆದ ಹುಡುಗ, ಬಂದರಿನ ಕಡೆಯ ಬ್ಯಾರಿಗಳ ಮಗ, ಒಳ್ಳೆಯವನು, ನನ್ನ ಫೋನನ್ನೇ ತೆಗೆದುಕೊಂಡು ಆ ಕರೆಗೆ ಮಾತ್ರ ಕೋಳಿ ಕೂಗುವ ಸ್ವರ ಹಾಕಿಕೊಟ್ಟಿದ್ದ. ಕೋಳಿ ಕೂಗಿದರೆ ಟೆಸ್ಟು ಅಂತ ನನಗೆ ಗೊತ್ತಾಗಬೇಕು, ಎತ್ತಿ ಒಂದು ಒತ್ತಬೇಕು, ಅಷ್ಟೇ. ಬಸ್ಸಿನಲ್ಲಿ ಕೋಳಿ ಕೂಗಿ ನಾನು ಮರ್ಯಾದೆ ಕಳ್ಕೊಂಡದ್ದು ಎಷ್ಟು ಸಲ!

ಒಂದು ದಿನ ನಾನು ಕೇಳಿದೆ, "ಅಲ್ಲ ಮಾರಾಯ, ಈ ಕೊನೆಯವರೂ ಎತ್ತದಿದ್ದರೆ ಎಂತ ಮಾಡುವುದು?"

"ಎಲ್ಲಿಯಾದರೂ ಒಂದು ಕಡೆ ನಿಲ್ಲಿಸಬೇಕಲ್ಲ ಅಕ್ಕ," ಅಂದ ಅವನು. "ಕೊನೆ ಅಂದ ಮೇಲೆ ಕೊನೆ."

ನಮ್ಮ ಧಣಿ ಆಚೆ ಮೇಜಿನಿಂದ ತಲೆ ಎತ್ತದೆಯೇ ಹೇಳಿದರು, "ನೀವು ಎತ್ತುತ್ತೀರಲ್ಲ ಮೇಡಮ್. ಮುಂದೆ ಹೋಗುವ."

ನಾನು ಗೊಣಗಿದೆ, ಜಗಳವನ್ನೂ ಆಡಿದೆ. ಆದರೆ ಆ ವಾರವೇ ಮುಗಿಸಿ ಕೊಡಬೇಕಾಗಿತ್ತು, ಮುಂದೆ ಹೋದೆವು. ಹೋಗುವಾಗ ಇನ್ನೊಂದು ಕೆಲಸ ಆಯಿತು. ಗುಂಡಿ ಒತ್ತಿದ ಕೂಡಲೇ ಲಿಫ್ಟಿನೊಳಗೆ ಒಂದು ಸ್ವರ ಕೇಳಬೇಕಿತ್ತು, ಒಳಗಿದ್ದವರು ಹೆದರಬಾರದಲ್ಲ. "ಮೇಡಮ್ ಟೀಚರ್ ಆಗಿದ್ದವರು, ಕನ್ನಡ ಸ್ಪಷ್ಟ ಉಂಟು" ಅಂತ ನನ್ನಿಂದಲೇ ಹೇಳಿಸಿ ರೆಕಾರ್ಡ್ ಮಾಡಿದರು: "ಹೆದರಬೇಡಿ. ಸಹಾಯ ಬರುತ್ತಿದೆ."

ನಾನಿರುವುದು ಕುಲಶೇಖರದಲ್ಲಿ, ಒಂದು ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ. ಹೆಸರಿಗೆ ದೊಡ್ಡ ಕಟ್ಟಡ. ಅರ್ಧಕ್ಕರ್ಧ ಮನೆಗಳಿಗೆ ಬೀಗ. ಯಜಮಾನರೆಲ್ಲ ದುಬೈ, ಮಸ್ಕತ್ತು, ಕುವೈತು. ಡಿಸೆಂಬರಿನಲ್ಲಿ ನಕ್ಷತ್ರದ ಗೂಡುದೀಪ ನೇತಾಡಿದಾಗ ಮಾತ್ರ ಜನ ಇದ್ದಾರೆ ಅಂತ ಕಾಣ್ತದೆ. ನಮ್ಮ ಲಿಫ್ಟಿನ ಯಂತ್ರವನ್ನು ಮೊದಲು ಎಲ್ಲಾದರೂ ಹಾಕಿ ನೋಡಬೇಕಿತ್ತು. ಧಣಿ ನಮ್ಮ ಕಟ್ಟಡಕ್ಕೇ ಪುಕ್ಕಟೆ ಹಾಕಿಸಿದರು. ಕೊನೆಯ ನಂಬರ್ ಯಾರದ್ದು ಅಂತ ಅಸೋಸಿಯೇಶನಿನ ಕಾರ್ಯದರ್ಶಿಯನ್ನು ಕೇಳಬೇಕು, ಅವರೂ ಮಸ್ಕತ್ತಿನಲ್ಲಿ. ಆ ಜಾಗ ಖಾಲಿ ಬಿಟ್ಟರು. ಖಾಲಿ ಬಿಟ್ಟಲ್ಲೆಲ್ಲ ತಾನಾಗಿ ನನ್ನ ನಂಬರ್ ಬಂದು ಕೂರುವ ಹಾಗೆ ಹುಡುಗ ಬರೆದಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲ.

ಎದುರು ಮನೆಯಲ್ಲಿ ಉಮ್ಮ ಇದ್ದಾರೆ. ಅವರನ್ನು ಮಕ್ಕಳು ದೊಡ್ಡವರೆಲ್ಲ ಹಾಗೇ ಕರೆಯುವುದು. ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ನಮ್ಮಿಬ್ಬರ ಪಂಚಾತಿಗೆ ಅರ್ಧ ತುಳು, ಅರ್ಧ ಕನ್ನಡ. ನನ್ನನ್ನು ಅವರು ಬಾಯಮ್ಮ ಅನ್ನುತ್ತಾರೆ, ಇಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಎಲ್ಲರೂ ಕರೆಯುವ ಹಾಗೆ. ಮಂಡಿ ಎರಡೂ ಹೋಗಿದೆ, ಮೆಟ್ಟಿಲು ಇಳಿಯುವ ಪ್ರಶ್ನೆಯೇ ಇಲ್ಲ. ಮೇಲಿಂದ ದಮ್ಮು. ದಮ್ಮಿನ ಪಂಪ್ ಇಲ್ಲದೆ ಅವರು ಬಾಗಿಲು ದಾಟುವುದಿಲ್ಲ. ಆ ಶನಿವಾರ ಬೆಳಿಗ್ಗೆ ಅವರು ಬಜಪೆಗೆ ಹೊರಟಿದ್ದರು, ವಿಮಾನಕ್ಕೆ. ಶಾರ್ಜಾದಲ್ಲಿ ಮಗಳಿಗೆ ದಿನ ತುಂಬುತ್ತಾ ಬಂದಿತ್ತು, ಚೊಚ್ಚಲ ಹೆರಿಗೆ. ವಾಚ್‌ಮ್ಯಾನ್ ಸೂಟ್‌ಕೇಸನ್ನೂ ಕೈಚೀಲವನ್ನೂ ರಿಕ್ಷಾದಲ್ಲಿಟ್ಟ, ಉಮ್ಮ ಕೂತೂ ಆಯಿತು. ಆಗ ಅವರಿಗೆ ಮಂಡೆಬಿಸಿ: ಗ್ಯಾಸ್ ಆಫ್ ಮಾಡಿದ್ದೇನಾ ಇಲ್ವಾ? ಬೀಗದ ಕೈ ಮಾತ್ರ ಹಿಡಿದುಕೊಂಡು ಮತ್ತೆ ಮೇಲೆ ಬಂದರು. ಗ್ಯಾಸ್ ಆಫೇ ಇತ್ತು.

ಅದೇ ಹೊತ್ತಿಗೆ ಕೆಳಗೆ ಮೀನಿನವನ ಹಾರ್ನ್ ಕೇಳಿತು. "ಬೂತಾಯಿ, ಬೂತಾಯಿ" ಅಂತ ಮೀನಿನ ಹೆಸರು ಕೂಗುತ್ತಿದ್ದ. ನಾನು ನೈಟಿಯ ಮೇಲೆ ಬೈರಾಸು ಟವೆಲು ಹಾಕಿಕೊಂಡು, ಸ್ಟೀಲಿನ ಬೋಗುಣಿ ಹಿಡಿದು ಓಡಿದೆ. ಫೋನ್ ಬಾಗಿಲ ಪಕ್ಕದ ಮೇಜಿನ ಮೇಲೆ ಚಾರ್ಜಿಗೆ ಇತ್ತು. ಹೋಗಿ ಬರುವುದು ಎಷ್ಟು ಹೊತ್ತು? ಬಾಗಿಲನ್ನೂ ಹಾಕದೆ ಗ್ರಿಲ್ ಮಾತ್ರ ಎಳೆದುಕೊಂಡೆ. ಉಮ್ಮ ಲಿಫ್ಟಿನ ಬಾಗಿಲು ಹಿಡಿದು ನಿಂತಿದ್ದರು, "ಬನ್ನಿ ಬನ್ನಿ ಬಾಯಮ್ಮ, ಮೀನು ಓಡಿ ಹೋಗ್ತದೆ" ಅಂತ ತಮಾಷೆ ಮಾಡಿದರು.

ಬಾಗಿಲು ಮುಚ್ಚಿತು, ಲಿಫ್ಟ್ ಒಂದು ಮೊಳ ಇಳಿಯಿತೋ ಇಲ್ಲವೋ, ಕರೆಂಟು ಹೋಯಿತು. ಫ್ಯಾನ್ ನಿಂತಿತು. ಕರೆಂಟು ಹೋದರೆ ಹತ್ತಿರದ ಮಹಡಿಗೆ ತಂದುಬಿಡುವ ಬ್ಯಾಟರಿ ಒಂದು ಇರಬೇಕು. ಅದು ಸತ್ತು ಎಷ್ಟು ಕಾಲವಾಗಿತ್ತೋ ದೇವರಿಗೇ ಗೊತ್ತು. ಎಚ್ಚರಿಕೆಯ ಸಣ್ಣ ದೀಪ ಒಂದು ಹಳದಿಯಾಗಿ ಉರಿಯಿತು.

"ಪಡಚ್ಚೋನೆ!" ಅಂತ ದೇವರನ್ನು ಕರೆದರು ಉಮ್ಮ.

ನಾನು ನಕ್ಕೆ. ಸುಳ್ಳಲ್ಲ, ನಿಜವಾಗಿ ನಕ್ಕೆ. "ಹೆದರಬೇಡಿ ಉಮ್ಮ. ಇದು ನಮ್ಮ ಆಫೀಸಿನದ್ದೇ" ಅಂತ ಜಂಬದಿಂದ ಕೆಂಪು ಗುಂಡಿ ಒತ್ತಿದೆ. ನನ್ನದೇ ಸ್ವರ ಬಂತು: "ಹೆದರಬೇಡಿ. ಸಹಾಯ ಬರುತ್ತಿದೆ."

"ಅಲಾ! ಇದು ನಿಮ್ಮ ಸ್ವರ ಅಲ್ವಾ?" ಉಮ್ಮನಿಗೆ ಆಶ್ಚರ್ಯ, ಆಮೇಲೆ ಸಮಾಧಾನ. ಅವರು ಲಿಫ್ಟಿನ ಗೋಡೆಗೆ ಒರಗಿ ನಿಂತು, ಮಗಳಿಗೆಂದು ಎಂತೆಲ್ಲ ಕಟ್ಟಿಕೊಂಡಿದ್ದೇನೆ ಅಂತ ಹೇಳಲು ಸುರು ಮಾಡಿದರು. ಮೆಕ್ಯಾನಿಕ್ ಇರುವುದು ಸಮೀಪದಲ್ಲೇ, ಬೈಕಿನಲ್ಲಿ ಬಂದರೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ನಾನು ಮೀನಿನವನು ಹೋಗಿಬಿಡುತ್ತಾನಲ್ಲ ಅಂತ ಬೇಜಾರು ಮಾಡಿಕೊಂಡು ನಿಂತೆ.

ಮೀನಿನವನ ಹಾರ್ನ್ ದೂರ ಹೋಯಿತು. ಮೆಕ್ಯಾನಿಕ್ ಬರಲಿಲ್ಲ. ಮತ್ತೆ ಗುಂಡಿ ಒತ್ತಿದೆ. "ಹೆದರಬೇಡಿ. ಸಹಾಯ ಬರುತ್ತಿದೆ." ನಾನು ಬೋಗುಣಿಯಿಂದ ಬಾಗಿಲಿಗೆ ಬಡಿದೆ, ಕೂಗಿದೆ. ನಮ್ಮ ಮಹಡಿಯಲ್ಲಿ ಇರುವುದೇ ನಾವಿಬ್ಬರು. ಕೆಳಗಿನ ಮಹಡಿಯ ಮನೆಗಳಿಗೆ ಬೀಗ. ವಾಚ್‌ಮ್ಯಾನ್ ಉಮ್ಮನನ್ನು ಕಳಿಸಿದ ಲೆಕ್ಕದಲ್ಲಿ ಚಹಾದಂಗಡಿಗೆ ಹೋಗಿರಬೇಕು. ಕೆಳಗಿನಿಂದ ರಿಕ್ಷಾದ ಹಾರ್ನ್ ಮಾತ್ರ ಆಗಾಗ ಕೇಳುತ್ತಿತ್ತು, ಡ್ರೈವರಿಗೆ ತಡವಾಗುತ್ತಿತ್ತು.

ಆಗ ನನಗೆ ಅರ್ಥವಾಯಿತು. ಮೆಸೇಜ್ ಹೋಗಿಲ್ಲ. ಹೋಗಿದ್ದರೆ ಅವನು ಬರುತ್ತಿದ್ದ. ಅಂದರೆ ಆ ಬ್ಯಾಕ್‌ಗ್ರೌಂಡ್ ಜಾಬ್ ಈಗ ಕಾಯ್ತಾ ಉಂಟು. ಸ್ವಲ್ಪ ಕಾದು ಮತ್ತೆ ಕಳಿಸುತ್ತದೆ. ಅದೂ ಹೋಗದಿದ್ದರೆ ಇನ್ನೂ ದುಪ್ಪಟ್ಟು ಕಾಯುತ್ತದೆ. ಎಲ್ಲ ನನಗೆ ಬಾಯಿಪಾಠ. ಅದರ ಒಂದೊಂದು ಹೆಜ್ಜೆಗೂ ನಾನೇ ಪರೀಕ್ಷೆ ಬರೆದಿದ್ದೆ, ಆ ಕಾಯುವಿಕೆಯನ್ನು ದಿನಕ್ಕೆ ಎಷ್ಟೋ ಸಲ ದಾಟಿದ್ದೆ. ಒಂದು ಸಲವೂ ಕಾದಿರಲಿಲ್ಲ. ಈಗ ಈ ಪೆಟ್ಟಿಗೆಯೊಳಗೆ ಗಡಿಯಾರವನ್ನು ಮುಂದೆ ತಿರುಗಿಸುವವರು ಯಾರು? ಸೆಖೆ ಏರುತ್ತಾ ಹೋಯಿತು, ಬೆನ್ನಿನಲ್ಲಿ ಬೆವರು ಇಳಿಯಿತು. ನನಗೆ ನನ್ನ ಮೇಲೆಯೇ ಕೆಟ್ಟ ಕೋಪ ಬಂತು.

ಉಮ್ಮನ ಮಾತು ನಿಂತಿತ್ತು. ಅವರ ಎದೆಯಿಂದ ಒಂದು ಸಣ್ಣ ಸೀಟಿಯಂಥ ಸದ್ದು ಬರುತ್ತಿತ್ತು.

"ಪಂಪ್ ಎಲ್ಲುಂಟು ಉಮ್ಮ?"

ಅವರು ಕೈಯಿಂದ ಕೆಳಗೆ ತೋರಿಸಿದರು. ಕೈಚೀಲದಲ್ಲಿ. ಕೈಚೀಲ ರಿಕ್ಷಾದಲ್ಲಿ. ಫೋನೂ ಅದರಲ್ಲೇ.

ಅವರನ್ನು ಮೆಲ್ಲ ಕೆಳಗೆ ಕೂರಿಸಿದೆ. ಮಂಡಿ ಮಡಚಲಿಕ್ಕೆ ಆಗದೆ ಕಾಲು ಚಾಚಿ ಕೂತರು. ನಾನು ಬೈರಾಸಿನಿಂದ ಗಾಳಿ ಹಾಕಿದೆ. ಲಿಫ್ಟಿನೊಳಗಿನ ಗಾಳಿಯನ್ನೇ ಲಿಫ್ಟಿನೊಳಗೆ ಬೀಸಿದರೆ ಎಂತ ಪ್ರಯೋಜನ, ಆದರೂ ಬೀಸಿದೆ.

"ಬರ್ತಾರಾ ಬಾಯಮ್ಮ?" ಅಂದರು. ಒಂದೊಂದು ಶಬ್ದಕ್ಕೂ ನಡುವೆ ಉಸಿರು ಎಳೆಯಬೇಕಾಗುತ್ತಿತ್ತು.

ದಮ್ಮಿನವರಿಗೆ ಹೆದರಿಕೆಯಾದರೆ ದಮ್ಮು ಜಾಸ್ತಿ ಆಗ್ತದೆ ಅಂತ ನನಗೆ ಗೊತ್ತುಂಟು, ನನ್ನ ತಾಯಿಗೂ ಇತ್ತು. "ಬರ್ತಾರೆ ಉಮ್ಮ, ಹೊರಟಿದ್ದಾರೆ," ಅಂದೆ. "ಇದರದ್ದೆಲ್ಲ ನನಗೆ ಗೊತ್ತುಂಟು. ಈಗ ನಂತೂರು ದಾಟಿರಬೇಕು."

ಅವರು ಮತ್ತೆ ಕೇಳಿದಾಗ "ಈಗ ನಮ್ಮ ಚರ್ಚಿನ ಹತ್ತಿರ" ಅಂದೆ. ಆಮೇಲೆ "ಗೇಟಿನ ಹತ್ತಿರ ಇರಬೇಕು" ಅಂದೆ. ಹೀಗೆ ಇಲ್ಲದ ಒಬ್ಬ ಮನುಷ್ಯನನ್ನು ನಾನು ಬೈಕಿನ ಮೇಲೆ ಕೂರಿಸಿ ಊರೆಲ್ಲ ಸುತ್ತಿಸಿದೆ.

ಆಗ ಕೋಳಿ ಕೂಗಿತು.

ಮೇಲೆ, ನನ್ನ ಮನೆಯೊಳಗೆ. ಬಾಗಿಲು ತೆರೆದೇ ಇತ್ತಲ್ಲ, ಕರೆಂಟು ಹೋದ ಆ ಮೌನದಲ್ಲಿ ನಮ್ಮ ತಲೆಯ ಮೇಲೆಯೇ ಕೂಗಿದ ಹಾಗೆ ಕೇಳಿತು. ಒಂದು ಸಲ ಉದ್ದಕ್ಕೆ ಕೂಗಿ, ಉಸಿರು ತೆಗೆದು, ಮತ್ತೆ ಕೂಗಿತು.

ನನ್ನ ಫೋನ್. ಆ ಸ್ವರ ಆ ಒಂದೇ ಕರೆಗೆ. ನಮ್ಮನ್ನು ಬಿಡಿಸಬೇಕು ಅಂತ ನಮ್ಮ ಯಂತ್ರ ಪ್ರಯತ್ನದ ಮೇಲೆ ಪ್ರಯತ್ನ ಮಾಡಿ, ಎಲ್ಲ ಕೈಕೊಟ್ಟು, ಕೊನೆಗೆ ನನ್ನನ್ನು ಕರೆಯುತ್ತಿತ್ತು. ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದಾರೆ, ಕೂಡಲೇ ಬನ್ನಿ, ಬರುವುದಾದರೆ ಒಂದು ಒತ್ತಿ ಅಂತ. ನನಗೆ! ಜೆಜೂ ಮರಿಯೆ, ನನಗೆ!

"ನಿಮ್ಮ ಫೋನ್ ಅಲ್ವಾ?" ಉಮ್ಮ ಕಣ್ಣು ತೆರೆದು ಹೇಳಿದರು. "ಯಾರೋ ಪಾಪ... ಎಷ್ಟು ಹೊತ್ತು ಮಾಡ್ತಾರೆ... ಎಂತದೋ ಅರ್ಜೆಂಟ್ ಇರಬೇಕು."

ನಾನು ಬಾಯಿ ತೆರೆದೆ. ಸತ್ಯ ಹೇಳಿದರೆ ಆ ಸೀಟಿ ನಿಂತೇ ಹೋದೀತು ಅಂತ ಹೆದರಿಕೆಯಾಯಿತು. "ಮೆಕ್ಯಾನಿಕ್ ಉಮ್ಮ," ಅಂದೆ. "ಕೆಳಗೆ ಬಂದಿದ್ದಾನೆ. ಯಾವ ಮಹಡಿ ಅಂತ ಕೇಳಲಿಕ್ಕೆ ಮಾಡ್ತಿದ್ದಾನೆ."

ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. ಕೋಳಿ ನಿಂತಿತು. ಮತ್ತೆ ಒಮ್ಮೆ ಕೂಗಿತು, ಮತ್ತೆ ನಿಂತಿತು. ಇನ್ನೊಮ್ಮೆ ಕೂಗಿ ನಿಂತ ಮೇಲೆ ಇನ್ನು ಕೂಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಅಷ್ಟೇ ಸಲ ಅಂತ ನಾವೇ ತೀರ್ಮಾನ ಮಾಡಿದ್ದು. ಈಗ ಅಲ್ಲಿ, ಕಂಕನಾಡಿಯಲ್ಲಿ, ಖಾಲಿ ಆಫೀಸಿನ ಒಂದು ಪರದೆಯ ಮೇಲೆ, ಕೊನೆಯ ವ್ಯಕ್ತಿಗೆ ತಿಳಿಸಲಾಗಿದೆ ಅಂತ ಹಸಿರು ಬಿದ್ದಿರುತ್ತದೆ. ಕೆಲಸ ಮುಗಿಯಿತು. ನಮ್ಮ ಬಗ್ಗೆ ಇನ್ನು ಯಾರೂ ಎಲ್ಲಿಯೂ ಯೋಚಿಸುವುದಿಲ್ಲ.

ನನಗೆ ಅಳು ಬಂತು. ಉಮ್ಮನಿಗೆ ಕಾಣಬಾರದು ಅಂತ ಬಾಗಿಲಿನ ಕಡೆಗೆ ತಿರುಗಿ, ಸಂದಿಯಲ್ಲಿ ಬೆರಳು ತೂರಿಸಿ ಎಳೆದೆ. ಉಗುರು ಕಿತ್ತು ರಕ್ತ ಬಂತು, ಬಾಗಿಲು ಅಲುಗಲಿಲ್ಲ. ಸಿಟ್ಟಿನಲ್ಲಿ ಗುಂಡಿಗೆ ಗುದ್ದಿದೆ. "ಹೆದರಬೇಡಿ. ಸಹಾಯ ಬರುತ್ತಿದೆ." ನನ್ನ ಸ್ವರಕ್ಕೆ ನಾನೇ ಬಾಯಿಗೆ ಬಂದ ಹಾಗೆ ಬೈದೆ, ಕೊಂಕಣಿಯಲ್ಲಿ, ಉಮ್ಮನಿಗೆ ಅರ್ಥವಾಗದಿರಲಿ ಅಂತ. ಆಮೇಲೆ ಅವರ ಪಕ್ಕ ಕೂತು ಕೈ ಹಿಡಿದುಕೊಂಡೆ. ಅವರ ತುಟಿ ಕಪ್ಪಾಗುತ್ತಾ ಬಂದಿತ್ತು. ಅವರು ಅವರ ಪ್ರಾರ್ಥನೆ ಹೇಳುತ್ತಿದ್ದರು, ನಾನು ನನ್ನದು. ನಡುನಡುವೆ ಬೋಗುಣಿಯಿಂದ ಬಾಗಿಲಿಗೆ ಬಡಿಯುತ್ತಿದ್ದೆ, ಯಾಕೆ ಅಂತ ಗೊತ್ತಿಲ್ಲದೆ.

ಮೆಟ್ಟಿಲಿನಲ್ಲಿ ಯಾರೋ ಬೈಯುತ್ತಾ ಹತ್ತುವುದು ಕೇಳಿತು.

"ಎಂತ ಮಾರಾಯ್ರೆ ಇವರು! ಗ್ಯಾಸ್ ಆಫ್ ಮಾಡ್ಲಿಕ್ಕೆ ಹೋದದ್ದಾ, ಅಡುಗೆ ಮಾಡ್ಲಿಕ್ಕಾ? ವಿಮಾನ ಇವರ ಅಪ್ಪಂದಾ ಕಾಯ್ಲಿಕ್ಕೆ? ಲಿಫ್ಟೂ ಇಲ್ಲ, ಎಂತ ಕರ್ಮ..."

ರಿಕ್ಷಾದವ. ಅಷ್ಟು ಚಂದದ ಬೈಗುಳ ನಾನು ಜನ್ಮದಲ್ಲಿ ಕೇಳಿಲ್ಲ. ಬೋಗುಣಿ ನಗ್ಗಿ ಹೋಗುವಷ್ಟು ಬಡಿದು ಕಿರುಚಿದೆ, "ಲಿಫ್ಟಿನಲ್ಲಿದ್ದೇವೆ! ಚೀಲದಲ್ಲಿ ಪಂಪ್ ಉಂಟು, ಉಮ್ಮನ ಪಂಪ್! ಮೊದಲು ಅದನ್ನು ತನ್ನಿ!"

ಅವನು ಒಂದು ಮಾತನ್ನೂ ಕೇಳಲಿಲ್ಲ. ಕೆಳಗೆ ಓಡಿದ್ದು ಕೇಳಿತು. ಮತ್ತೆ ಬಂದಾಗ ಚೀಲದ ಜೊತೆ ವಾಚ್‌ಮ್ಯಾನೂ ಇದ್ದ, ಕೈಯಲ್ಲಿ ಕಬ್ಬಿಣದ ಸಲಾಕೆ. ಇಬ್ಬರೂ ಸೇರಿ ಹೊರಬಾಗಿಲನ್ನೂ ಒಳಬಾಗಿಲನ್ನೂ ಮೀಟಿದರು. ನಮ್ಮ ತಲೆಯ ಮಟ್ಟದಲ್ಲಿ ಅಂಗೈಯಷ್ಟು ಸಂದು ಬಿಟ್ಟುಕೊಂಡಿತು, ಬೆಳಕು ಬಂತು, ಬೆಳಕಿನ ಹಿಂದೆ ಎಣ್ಣೆಮಣ್ಣಿನ ಒಂದು ಕೈ ಬಂತು, ಆ ಕೈಯಲ್ಲಿ ನೀಲಿ ಪಂಪ್. ನಾನು ಅದನ್ನು ಕಿತ್ತುಕೊಂಡು ಉಮ್ಮನ ಬಾಯಿಗೆ ಇಟ್ಟೆ. ಒಮ್ಮೆ ಎಳೆದರು, ಮತ್ತೊಮ್ಮೆ ಎಳೆದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು ಮೊದಲು ಕೇಳಿದ್ದು, "ವಿಮಾನ ಹೋಯ್ತಾ?"

ವಿಮಾನ ಹೋಯಿತು. ಬಾಗಿಲನ್ನು ಪೂರ್ತಿ ಮೀಟಿ ನಮ್ಮನ್ನು ಹೊರಗೆ ಎಳೆದ ಮೇಲೆ, ಉಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಐದು ಮಹಡಿ ಇಳಿಸಿ, ಅದೇ ರಿಕ್ಷಾದಲ್ಲಿ ಕಂಕನಾಡಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಸೋಮವಾರ ಆಫೀಸಿಗೆ ಹೋದೆ. ಪರದೆಯಲ್ಲಿ ಎಲ್ಲ ನಾನು ಎಣಿಸಿದ ಹಾಗೆಯೇ ಇತ್ತು. ಆ ದಿನ ಬೆಳಿಗ್ಗೆ ಮೆಸೇಜಿನ ಲೈನ್ ಸತ್ತಿತ್ತು. ಪ್ರಯತ್ನ ಮಾಡಿದೆ, ಕಾದಿದೆ, ಪ್ರಯತ್ನ ಮಾಡಿದೆ, ಕಾದಿದೆ, ಕೊನೆಯ ವ್ಯಕ್ತಿಗೆ ತಿಳಿಸಿದೆ. ಧಣಿ ಎಲ್ಲ ಓದಿ ನೋಡಿ, ಪಾಪ ಒಳ್ಳೆಯ ಮನಸ್ಸಿನಿಂದಲೇ, "ನಮ್ಮ ಸಿಸ್ಟಮ್ ಮಾಡಬೇಕಾದದ್ದು ಎಲ್ಲ ಮಾಡಿದೆ ಮೇಡಮ್. ಕರೆ ಬಂದಿದೆಯಲ್ಲ?" ಅಂದರು.

ನನ್ನ ಮೈ ಉರಿದು ಹೋಯಿತು. "ಬಂದಿದೆ ಸರ್! ನಾನು ಒಳಗಿದ್ದೆ, ಕರೆ ಹೊರಗಿತ್ತು! ಹೆಂಗಸಿನ ತುಟಿ ಕಪ್ಪಾಗಿತ್ತು, ನಿಮ್ಮ ಪರದೆ ಹಸಿರಾಗಿತ್ತು!" ಅಂತ ಕೆಳಗಿನ ಬಟ್ಟೆಯಂಗಡಿಗೆ ಕೇಳುವ ಹಾಗೆ ಕಿರುಚಿದೆ. ಶಾಲೆಯಲ್ಲಿಯೂ ನಾನು ಅಷ್ಟು ಕಿರುಚಿದವಳಲ್ಲ. ಹುಡುಗ ತಲೆ ತಗ್ಗಿಸಿ ಕೂತಿದ್ದ. "ನೀವು ಒಳಗಿರ್ತೀರಿ ಅಂತ ನಾನು ಎಣಿಸಲೇ ಇಲ್ಲ ಅಕ್ಕ," ಅಂದ. ಅವನ ಕಣ್ಣು ಒದ್ದೆಯಾಗಿತ್ತು, ನನಗೆ ಇನ್ನು ಬೈಯಲಿಕ್ಕೆ ಆಗಲಿಲ್ಲ.

ಆ ವಾರ ನಾವು ಬೇರೆ ಏನೂ ಮಾಡಲಿಲ್ಲ. ನನ್ನ ನಂಬರ್ ಎಲ್ಲೆಲ್ಲಿ ಉಂಟೋ ಅಲ್ಲಿಂದೆಲ್ಲ ಕಿತ್ತು ಹಾಕಿಸಿದೆ. ಖಾಲಿ ಜಾಗ ಇದ್ದರೆ ಇನ್ನು ಲಿಫ್ಟಿನ ಯಂತ್ರ ಸುರುವೇ ಆಗುವುದಿಲ್ಲ. ಫೋನ್ ಮಾಡಿದ್ದು ಲೆಕ್ಕಕ್ಕಿಲ್ಲ. ಯಾರಾದರೂ ಬರುತ್ತೇನೆ ಅಂತ ಒತ್ತುವವರೆಗೆ ಕೆಲಸ ಮುಗಿಯುವುದೇ ಇಲ್ಲ, ಮೊದಲಿನಿಂದ ಮತ್ತೆ ಸುತ್ತು ಹೊಡೆಯುತ್ತಲೇ ಇರಬೇಕು. ಒಳಗಿನ ಸ್ವರವನ್ನೂ ಬದಲಿಸಿದೆ. "ನಿಮ್ಮ ಕರೆ ಸಿಕ್ಕಿದೆ. ಯಾರಾದರೂ ಹೊರಟ ಕೂಡಲೇ ಹೇಳುತ್ತೇನೆ." ಹೊರಟ ಮೇಲೆಯೇ "ಹೊರಟಿದ್ದಾರೆ" ಅಂತ. ಪರೀಕ್ಷೆಗಳಲ್ಲಿ ಒಂದನ್ನು ಗಡಿಯಾರ ತಿರುಗಿಸದೆ, ನಿಜವಾಗಿ ಕಾಯುವ ಹಾಗೆ ಬರೆದೆ. ಅದು ಓಡುವಾಗ ಎಲ್ಲರೂ ಸುಮ್ಮನೆ ಕೂತು ಕಾಯಬೇಕು. ಧಣಿ ಮೊದಲ ದಿನ ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಕುರ್ಚಿ ಎಳೆದು ಕೂತರು.

ಆದರೆ ಉಮ್ಮ ಲಿಫ್ಟಿಗೆ ಕಾಲಿಡಲು ತಯಾರಿರಲಿಲ್ಲ. ಆಸ್ಪತ್ರೆಯಿಂದ ಬಂದಾಗ ಅವರನ್ನು ಕುರ್ಚಿಯಲ್ಲೇ ಮೇಲೆ ಹೊತ್ತು ತಂದದ್ದು; ಬಂದವರು ಮತ್ತೆ ಕೆಳಗೆ ಇಳಿದಿಲ್ಲ. ಮೆಟ್ಟಿಲು ಇಳಿಯಲಿಕ್ಕೆ ಮಂಡಿ ಬಿಡುವುದಿಲ್ಲ, ಲಿಫ್ಟಿಗೆ ಮನಸ್ಸು ಬಿಡುವುದಿಲ್ಲ. ಇನ್ನೊಂದು ಟಿಕೆಟ್ ಆಗಿತ್ತು, ಮಗಳು ದಿನಾ ಫೋನ್ ಮಾಡಿ ಅಳುತ್ತಿದ್ದಳು. ಪೆಟ್ಟಿಗೆಯಿಂದ ಹೊರಗೆ ಬಂದರೂ ಉಮ್ಮ ಐದನೇ ಮಹಡಿಯಲ್ಲಿ ಹಾಗೇ ಸಿಕ್ಕಿಹಾಕಿಕೊಂಡಿದ್ದರು, ಎದುರು ಮನೆಯಲ್ಲಿ ಅವರನ್ನು ನೋಡುತ್ತಾ ನಾನೂ.

ಹೊರಡುವ ಮುಂಚಿನ ದಿನ ಅವರ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಮೆಕ್ಯಾನಿಕ್ ಬರಲೇ ಇಲ್ಲ, ಆ ಕೋಳಿ ಕೂಗಿದ್ದು ನಮ್ಮನ್ನು ಬಿಡಿಸಲು ನನ್ನನ್ನೇ ಕರೆದದ್ದು, ನಾನು ನಿಮಗೆ ಸುಳ್ಳು ಹೇಳಿದ್ದು.

ಉಮ್ಮ ಎಲೆ ಅಡಿಕೆಯ ಡಬ್ಬಿ ಮುಚ್ಚಿದರು. "ಸುಳ್ಳು ಅಂತ ಗೊತ್ತಿತ್ತು ಬಾಯಮ್ಮ," ಅಂದರು. "ಮೆಕ್ಯಾನಿಕ್ ಕೆಳಗೆ ಬಂದಿದ್ದರೆ ನೀವು ಹಾಗೆ ಬಾಗಿಲಿಗೆ ಪರಚ್ತೀರಾ? ಗೊತ್ತಿಲ್ಲದವರ ಹಾಗೆ ಮಾಡಿದೆ. ನೀವು ಅಳ್ತಿದ್ದಿರಿ, ಮತ್ತೆ ನಾನು ಕೂಡ ಸುರು ಮಾಡಿದರೆ ಹೇಗೆ?"

ಅಲ್ಲಿ ಯಾರು ಯಾರನ್ನು ಸಮಾಧಾನ ಮಾಡಿದ್ದು ಅಂತ ಈಗ ಗೊತ್ತಾಯಿತು.

"ಈಗ ಸರಿ ಮಾಡಿದ್ದೀರಲ್ಲ?"

"ಮಾಡಿದ್ದೇವೆ. ಟೆಸ್ಟೂ ಮಾಡಿದ್ದೇವೆ."

"ಅಲ್ಲಿ ಕಂಪ್ಯೂಟರಿನಲ್ಲಿ ಮಾಡಿದ್ದು ನನಗೆ ಬೇಡ," ಅಂದರು. "ಇಲ್ಲಿ ಮಾಡುವ. ನಾಳೆ ವಿಮಾನಕ್ಕೆ ಹೊರಡುವ ಮೊದಲು. ಒಳಗೆ ನಾನು ನಿಲ್ತೇನೆ, ನೀವು ಹೊರಗೆ ನಿಲ್ಲಿ. ಮತ್ತೆ ಆ ರಿಕ್ಷಾದವನ ನಂಬರ್ ಅದರಲ್ಲಿ ಹಾಕಿ. ಬೈದರೂ ಬರ್ತಾನೆ."

ಬೇಡ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಯ ನಂಬರಿನ ಜಾಗದಲ್ಲಿ ರಿಕ್ಷಾದವನದ್ದನ್ನು ಹಾಕಿಸಿದೆ. ಮಾರನೇ ದಿನ ಬೆಳಿಗ್ಗೆ ಉಮ್ಮ ಪರ್ದಾ ಹಾಕಿ, ಕೈಚೀಲ ಹೆಗಲಿಗೆ ಸಿಕ್ಕಿಸಿ, ಪಂಪನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ ಒಳಗೆ ಹಾಕಿಸಿಕೊಂಡು ಲಿಫ್ಟಿನಲ್ಲಿ ಕೂತರು. ಆಫೀಸಿನಲ್ಲಿ ಹುಡುಗ ಮೆಸೇಜಿನ ಲೈನನ್ನು ಬೇಕೆಂದೇ ಕೊಂದ. ಲಿಫ್ಟ್ ಸ್ವಲ್ಪ ಇಳಿದ ಕೂಡಲೇ ವಾಚ್‌ಮ್ಯಾನ್ ಕೆಳಗೆ ಮೇನ್ ಸ್ವಿಚ್ ತೆಗೆದ. ಉಮ್ಮ ಗುಂಡಿ ಒತ್ತಿದ್ದು ಕೇಳಿತು. ನನ್ನ ಸ್ವರ ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ನಾನು ಮುಚ್ಚಿದ ಬಾಗಿಲಿನ ಎದುರು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಒಳಗಿದ್ದದ್ದಕ್ಕಿಂತ ಹೊರಗೆ ನಿಲ್ಲುವುದು ಕಷ್ಟ ಅಂತ ಯಾರೂ ನನಗೆ ಹೇಳಿರಲಿಲ್ಲ. ಮೊದಲ ಪ್ರಯತ್ನ ಕೈಕೊಟ್ಟಿರಬೇಕು. ಈಗ ಕಾಯ್ತಾ ಉಂಟು. ಈಗ ಎರಡನೆಯದು. ನನ್ನ ಕಣ್ಣು ಈ ಸಲ ಕೂಗಬಾರದ ಫೋನಿನ ಮೇಲೆ, ಕಿವಿ ಉಮ್ಮನ ಉಸಿರಿನ ಮೇಲೆ.

"ಬಾಯಮ್ಮ," ಒಳಗಿನಿಂದ ಕೂಗಿದರು. "ಕೋಳಿ ಕೂಗಿತಾ?"

"ಇಲ್ಲ ಉಮ್ಮ."

ಒಳಗೆ ನನ್ನ ಸ್ವರ "ಹೊರಟಿದ್ದಾರೆ" ಅಂತ ಹೇಳಿತು. ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಗೇಟಿನ ಹತ್ತಿರ ರಿಕ್ಷಾ ನಿಂತ ಸದ್ದಾಯಿತು, ಮೊದಲ ಮಹಡಿಯಿಂದಲೇ ಬೈಗುಳ ಸುರುವಾಯಿತು.

"ಹಾಗಾದ್ರೆ ಸರಿ ಉಂಟು," ಅಂದರು ಉಮ್ಮ.